ಹಳೆಯ ಕಾಂಟೆಸ್ಸಾವನ್ನು ಡ್ರಿಫ್ಟ್‌ಗೆ ಅಣಿಗೊಳಿಸುವವರಿಗೆ

ಮೈಸೂರು, ಮಂಡ್ಯದ ಕಡೆ ಹಳೆಯ ಕಾಂಟೆಸ್ಸಾ (ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ, ಹಿಂಚಕ್ರಗಳಿಂದ ಓಡುವ ಕಾರು) ಕೊಂಡು ಡ್ರಿಫ್ಟ್‌ಗೆ (ತಿರುವಿನಲ್ಲಿ ಹಿಂಚಕ್ರಗಳನ್ನು ಬೇಕೆಂದೇ ಜಾರಿಸುತ್ತ ಓಡಿಸುವ ಆಟಕ್ಕೆ) ಅಣಿಗೊಳಿಸಬೇಕೆಂದಿರುವವರು ಎಂಜಿನ್ನಿನ ಶಕ್ತಿ ಹೆಚ್ಚಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರುಗಳ ಜೋಡಣೆ) ಕಡೆ ಗಮನ ಕೊಡುವುದು ಒಳ್ಳೆಯದು. ಓಪನ್ (ಲಾಕ್ ಇಲ್ಲದ ಸಾಮಾನ್ಯ) ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ತಿರುವಿನ ಒಳಬದಿಯ ಹಿಂಚಕ್ರದ ಮೇಲಿನ ಭಾರ ಇಳಿದೊಡನೆ ಅದೊಂದೇ ಸುಮ್ಮನೆ ಗಿರಕಿ ಹೊಡೆಯುತ್ತದೆ, ಹೊರಬದಿಯದಕ್ಕೆ ಶಕ್ತಿ ತಲುಪದೆ ಜಾರಿಕೆ ಅರ್ಧಕ್ಕೇ ನಿಲ್ಲುತ್ತದೆ. ಡಿಫರೆನ್ಷಿಯಲ್ ಒಳಗಿನ ಸ್ಪೈಡರ್ ಗಿಯರುಗಳನ್ನು (ಆ ವೇಗವ್ಯತ್ಯಾಸಕ್ಕೆ ಎಡೆಕೊಡುವ ಪುಟ್ಟ ಹಲ್ಲುಚಕ್ರಗಳನ್ನು) ಬೆಸುಗೆ ಹಾಕಿಸಿದರೆ ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಅಗ್ಗದ ಉಪಾಯವೇನೋ ಹೌದು, ಆದರೆ ಎಣ್ಣೆಜಿಡ್ಡನ್ನು ಪೂರ್ತಿ ತೆಗೆದು, ಕಾಯಿಸಿ ಬೆಸೆದು, ನಿಧಾನವಾಗಿ ಆರಿಸದಿದ್ದರೆ ಬೆಸುಗೆ ಬಿರುಕು ಬಿಡಬಹುದು, ಆಕ್ಸಲ್ ಮೇಲಿನ ಒತ್ತಡವಂತೂ ಹೆಚ್ಚುತ್ತದೆ. ಬಳಿಕ ರೇಡಿಯೇಟರ್, ಬ್ರೇಕ್, ಮೈಯನ್ನು ಬಿಗಿಯಾಗಿ ಹಿಡಿಯುವ ಬಕೆಟ್ ಸೀಟು ಇವುಗಳ ಕಡೆ ಗಮನ ಕೊಡಬೇಕು. ಹೀಗೆ ಬದಲಿಸಿದ ಗಾಡಿಯನ್ನು ಮೈಸೂರಿನ ರಿಂಗ್ ರಸ್ತೆಗೆ ಇಳಿಸದೆ, ಲಾರಿಯ ಮೇಲೆ ಹೇರಿಕೊಂಡು ಅನುಮತಿಯಿರುವ ಖಾಸಗಿ ಮೈದಾನಕ್ಕೇ ಒಯ್ಯಬೇಕು.