ಒಬ್ಬ ಸಂತ, ಒಂದು ವಾಕ್ಯ, ಹತ್ತು ನಿಮಿಷ

ಕ್ಯಾಥೋಲಿಕರ ಮನೆಗಳಲ್ಲಿ ಚರ್ಚಿನ ಕ್ಯಾಲೆಂಡರ್ ಹೆಚ್ಚಾಗಿ ಅಡುಗೆಮನೆಯ ಹತ್ತಿರವೇ ತೂಗುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಅದರ ಮೇಲೆಯೇ. ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಬ್ಬ ಸಂತರ ಹೆಸರು, ಪಕ್ಕದಲ್ಲಿ ಶ್ರೀಗ್ರಂಥದ (ಬೈಬಲ್‌ನ) ಅಧ್ಯಾಯ, ವಚನಗಳ ಸಂಖ್ಯೆ ಇರುತ್ತವೆ. ಓದುವವರು ಕಡಿಮೆ. ದಿನದ ಪ್ರಾರ್ಥನೆಗೆ ಬೇಕಾದ ಸಾಮಾನೆಲ್ಲ ಅಲ್ಲೇ ಇದೆ.

ಮೊದಲು ಪುಸ್ತಕ

ಮನೆಯಲ್ಲಿರುವ ಬೈಬಲ್‌ನ ಪರಿವಿಡಿ ತೆರೆದು ನೋಡಿ. ತೋಬಿತ, ಸಿರಾಖ, ಮಕ್ಕಬಿಯರ ಗ್ರಂಥಗಳು ಇವೆಯೇ? ಕ್ಯಾಥೋಲಿಕ ಬೈಬಲ್‌ನಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟ್ ಬೈಬಲ್‌ನಲ್ಲಿ 66. ಆ ಏಳು ಇಲ್ಲದಿದ್ದರೆ ಕೆಲವು ದಿನ ಕ್ಯಾಲೆಂಡರ್ ತೋರಿಸಿದ ಭಾಗ ನಿಮಗೆ ಸಿಗುವುದೇ ಇಲ್ಲ.

ಯಾವ ವರ್ಷ?

ಭಾನುವಾರದ ವಾಚನಗಳು (ಪೂಜೆಯಲ್ಲಿ ಓದುವ ಬೈಬಲ್ ಭಾಗಗಳು) ಮೂರು ವರ್ಷಕ್ಕೊಮ್ಮೆ ತಿರುಗುತ್ತವೆ: ಎ ವರ್ಷ ಮತ್ತಾಯ, ಬಿ ಮಾರ್ಕ, ಸಿ ಲೂಕ. ಇಸವಿಯನ್ನು ಮೂರರಿಂದ ಭಾಗಿಸಿ. ಏನೂ ಉಳಿಯದಿದ್ದರೆ ಸಿ, ಒಂದು ಉಳಿದರೆ ಎ, ಎರಡು ಉಳಿದರೆ ಬಿ. 2025 ಸಿ, 2026 ಎ. ಆದರೆ ಚರ್ಚಿನ ಹೊಸ ವರ್ಷ ಜನವರಿ 1ಕ್ಕೆ ಅಲ್ಲ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರವೇ ಶುರು. ಅಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ. ಅವತ್ತಿನಿಂದಲೇ ಮುಂದಿನ ಇಸವಿಯ ಲೆಕ್ಕ. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಮನೆಯಲ್ಲಿ ಒಂದು ಭಾಗ ಓದಿಕೊಂಡು ಹೋಗಿ, ಪೂಜೆಯಲ್ಲಿ ಇನ್ನೊಂದನ್ನು ಕೇಳಿ ಕಣ್ಣು ಕಣ್ಣು ಬಿಟ್ಟಿದ್ದೆ.

ವಾರದ ದಿನಗಳ ಲೆಕ್ಕ ಬೇರೆ. ಸಾಧಾರಣ ಕಾಲದಲ್ಲಿ (ಆಗಮನ, ಕ್ರಿಸ್ಮಸ್, ತಪಸ್ಸು, ಪಾಸ್ಕ ಕಾಲಗಳು ಬಿಟ್ಟು ಉಳಿದ ವಾರಗಳಲ್ಲಿ) ಮೊದಲ ವಾಚನ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶ (ಯೇಸುವಿನ ಬದುಕು, ಬೋಧನೆ ಹೇಳುವ ಭಾಗ) ಮಾತ್ರ ಪ್ರತಿ ವರ್ಷವೂ ಅದೇ: 9ನೇ ವಾರದವರೆಗೆ ಮಾರ್ಕ, 10ರಿಂದ 21 ಮತ್ತಾಯ, ಆಮೇಲೆ 34ರವರೆಗೆ ಲೂಕ. ದಿನಾ ಒಂದು ತುಂಡು ಓದಿದರೂ ಸಾಕು, ವರ್ಷದಲ್ಲಿ ಮೂರು ಶುಭಸಂದೇಶಗಳ ಬಹುಪಾಲು ಮುಗಿದಿರುತ್ತದೆ.

ಇವತ್ತು ಎಂಥ ದಿನ?

ಮಹೋತ್ಸವ, ಹಬ್ಬ, ಸ್ಮರಣೆ ಎಂದು ಮೂರು ದರ್ಜೆ. ಮೊದಲೆರಡಕ್ಕೆ ಆ ದಿನದ್ದೇ ವಾಚನ ಇರುತ್ತದೆ. ಬರೀ ಸ್ಮರಣೆ ಆಗಿದ್ದರೆ ಸಾಮಾನ್ಯವಾಗಿ ಮಾಮೂಲು ವಾಚನವೇ ಮುಂದುವರಿಯುತ್ತದೆ. ನಮ್ಮ ದೇಶಕ್ಕೆ ಸ್ವಲ್ಪ ವ್ಯತ್ಯಾಸ ಇದೆ. ಜುಲೈ 3ರ ಸಂತ ತೋಮ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಲ್ಲಿ ಮಹೋತ್ಸವ.

ಹತ್ತು ನಿಮಿಷದ ಕ್ರಮ

ಮೊದಲು ಶುಭಸಂದೇಶ ಓದಿ, ಆಮೇಲೆ ಸಂತರ ಕಡೆ ಬನ್ನಿ. ಈ ಕ್ರಮ ಬದಲಿಸಬೇಡಿ ಎನ್ನುತ್ತೇನೆ. ಸಂತರಿಂದ ಶುರು ಮಾಡಿದರೆ ಪವಾಡದ ಕಥೆಯಲ್ಲೇ ಹೊತ್ತು ಹೋಗುತ್ತದೆ. ಮೆಲ್ಲಗೆ, ಬಾಯಿಬಿಟ್ಟು ಎರಡು ಸಲ ಓದಿ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದೇ ವಾಕ್ಯ ಹಿಡಿದುಕೊಳ್ಳಿ. ಆಮೇಲೆ ಕೇಳಿಕೊಳ್ಳಿ: ಈ ಸಂತರು ಯಾವ ವಾಕ್ಯವನ್ನು ಬದುಕಿದರು?

ಜನವರಿ 17ರ ಸಂತ ಅಂತೋಣಿಯನ್ನೇ ನೋಡಿ. ಮಂಗಳವಾರ ನಾವು ಮೊಂಬತ್ತಿ ಹಚ್ಚುವ ಪಾದುವದ ಅಂತೋಣಿ ಅಲ್ಲ, ಅವರದು ಜೂನ್ 13. ಇವರು ಈಜಿಪ್ಟಿನವರು. ತಂದೆತಾಯಿ ತೀರಿಕೊಂಡು, ಪುಟ್ಟ ತಂಗಿಯ ಜವಾಬ್ದಾರಿ ಹೆಗಲ ಮೇಲಿದ್ದ ಹುಡುಗ. ಒಂದು ದಿನ ಚರ್ಚಿಗೆ ಕಾಲಿಟ್ಟಾಗ ಮತ್ತಾಯ 19ನೇ ಅಧ್ಯಾಯ ಓದುತ್ತಿದ್ದರು: ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು. ತನಗೇ ಹೇಳಿದ ಮಾತು ಅಂದುಕೊಂಡು ಹೊಲ ಬಿಟ್ಟುಕೊಟ್ಟ. ತಂಗಿಗೆಂದು ಇಟ್ಟುಕೊಂಡಿದ್ದ ಸ್ವಲ್ಪ ಹಣವೂ 'ನಾಳೆಯ ಚಿಂತೆ ಬೇಡ' ಎಂಬ ಇನ್ನೊಂದು ವಾಕ್ಯ ಕೇಳಿದ ಮೇಲೆ ಹೋಯಿತು. ತಂಗಿಗೆ ಏನನ್ನಿಸಿತೋ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಸಂತ ಅಗಸ್ಟೀನರದೂ ಹಾಗೇ. 386ರಲ್ಲಿ ಮಿಲಾನಿನ ತೋಟದಲ್ಲಿ ಅಳುತ್ತಾ ಕೂತಿದ್ದರು. 'ಎತ್ತಿಕೋ, ಓದು' ಅನ್ನುವ ಮಗುವಿನ ದನಿ ಕೇಳಿತು. ಪುಸ್ತಕ ತೆರೆದರೆ ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ. ಅವರ ಸ್ಮರಣೆ ಆಗಸ್ಟ್ 28. ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರು ಹಾಕಿದ ತಾಯಿ ಮೋನಿಕಾರದು 27, ಒಂದು ದಿನ ಮುಂಚೆ. ಎರಡನ್ನೂ ಜೊತೆಗೇ ಮಾಡಿ.

ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾತ್ರೆಗೆ ಜನವರಿಯಲ್ಲಿ ಹೋಗುವವರು ಬಹಳ. ಚರ್ಚಿನ ಪಂಚಾಂಗದಲ್ಲಿ ಅವರ ಹಬ್ಬ ಆಗಸ್ಟ್ 10. ಅವತ್ತಿನ ವಾಚನ ಯೊವಾನ್ನ 12: ಗೋಧಿಯ ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂಟಿಯಾಗಿಯೇ ಉಳಿಯುತ್ತದೆ. ರೋಮಿನಲ್ಲಿ 258ರಲ್ಲಿ ರಕ್ತಸಾಕ್ಷಿಯಾದ ಉಪಯಾಜಕ ಅವರು. ಚರ್ಚಿನ ಸಂಪತ್ತು ತಾ ಅಂದ ಅಧಿಕಾರಿಯ ಮುಂದೆ ಬಡವರನ್ನು ಸಾಲಾಗಿ ನಿಲ್ಲಿಸಿದರಂತೆ. ಅವತ್ತು ವಾಕ್ಯ ಹುಡುಕುವ ಕಷ್ಟವೇ ಇಲ್ಲ.

ಎಲ್ಲ ದಿನವೂ ಇಷ್ಟು ಸಲೀಸಲ್ಲ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನನದ ಹಬ್ಬ. ಮಂಗಳೂರು ಕಡೆ ಮೊಂತಿ ಫೆಸ್ಟ್, ಹೊಸ ತೆನೆಯ ಸಂಭ್ರಮ. ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನ ಚರ್ಚಿನಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಅವತ್ತಿನ ಶುಭಸಂದೇಶ ಮಾತ್ರ ಮತ್ತಾಯನ ವಂಶಾವಳಿ, ಬರೀ ಹೆಸರು. ಹಾರಿಸಬೇಡಿ. ಅಷ್ಟು ಗಂಡಸರ ನಡುವೆ ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ ಸಿಗುತ್ತಾರೆ. ಒಂದೊಂದು ದಿನ ಒಬ್ಬೊಬ್ಬರ ಕಥೆ ತೆರೆದರೆ ನಾಲ್ಕು ದಿನದ ಓದು.

ಕೊನೆಗೆ ಆ ವಾಕ್ಯವನ್ನು ಕ್ಯಾಲೆಂಡರ್‌ನಲ್ಲೇ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲ್‌ನಲ್ಲಿ ಬರೆಯಿರಿ. ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ. ಅಷ್ಟೇ. ಸಂತರ ಹೆಸರಿಲ್ಲದ ದಿನ ವಾಚನವೊಂದೇ ಸಾಕು, ಸುಮ್ನೆ ಎಲ್ಲಿಂದಲೋ ಯಾರನ್ನೋ ಎಳೆದು ತರಬೇಡಿ.

ನಾಲ್ಕು ದಿನ ತಪ್ಪಿದರೆ? ತಪ್ಪುತ್ತದೆ. ಹಿಂದಿನದೆಲ್ಲ ಒಟ್ಟಿಗೆ ಓದಿ ಮುಗಿಸಲು ಕೂರಬೇಡಿ, ಅಲ್ಲೇ ಅಭ್ಯಾಸ ಕೈಬಿಡುವುದು. ನೇರವಾಗಿ ಇವತ್ತಿನ ತಾರೀಖಿಗೆ ಹೋಗಿ. ತಪ್ಪಿಹೋದ ಸಂತರು ಮುಂದಿನ ವರ್ಷವೂ ಬರುತ್ತಾರೆ.