ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಲಿವರ್ ವರದಿ ಏರುಪೇರಾದರೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರ ಎಲ್‌ಎಫ್‌ಟಿ (ಲಿವರ್, ಅಂದರೆ ಯಕೃತ್ತಿನ ರಕ್ತಪರೀಕ್ಷೆ) ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿ ಬಂತೆಂದರೆ ಅಂದು ಸಂಜೆಯೊಳಗೆ ಮನೆಯಲ್ಲಿ ಎರಡು ಕೆಲಸಗಳು ನಡೆದುಹೋಗುತ್ತವೆ. ಟ್ಯಾಮೋಕ್ಸಿಫೆನ್ ಮಾತ್ರೆ ನಿಲ್ಲುತ್ತದೆ, ನೆಲನೆಲ್ಲಿ ಕಷಾಯ ಶುರುವಾಗುತ್ತದೆ. ಮೊದಲನೆಯದರಿಂದ ಕ್ಯಾನ್ಸರ್ ಮರುಕಳಿಸದಂತೆ ಕಾಯುತ್ತಿದ್ದ ಔಷಧವೇ ತಪ್ಪುತ್ತದೆ. ಎರಡನೆಯದು ಕಾರಣ ಹುಡುಕುವ ವೈದ್ಯರ ದಾರಿ ತಪ್ಪಿಸುತ್ತದೆ. ಇವೆರಡನ್ನೂ ಓದುಬರಹ ಬಲ್ಲವರ ಮನೆಗಳಲ್ಲೇ ಮತ್ತೆ ಮತ್ತೆ ನೋಡಿದ್ದರಿಂದ ಇಷ್ಟು ಬರೆಯಬೇಕಾಯಿತು.

ಹಂತ 1: ಇಂದೇ ಹೋಗಬೇಕೇ, ನೋಡಿಕೊಳ್ಳಿ

ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಮಲ ಬೆಳ್ಳಗಾಗಿದ್ದರೆ, ಮೈಯೆಲ್ಲ ತುರಿಕೆ ಎದ್ದಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ಬಲಪಕ್ಕೆ ನೋವಿನ ಜೊತೆ ಜ್ವರವಿದ್ದರೆ ಅಥವಾ ಮಾತು ತೊದಲಿ ಮಂಪರು ಕವಿಯುತ್ತಿದ್ದರೆ ಮುಂದೆ ಓದಬೇಡಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಇಂದೇ ಹೋಗಿ. ಇಂಥ ಲಕ್ಷಣವಿದ್ದವರು ಮುಂದಿನ ಮಾತ್ರೆ ನುಂಗಬೇಕೇ ಬೇಡವೇ ಎಂಬುದನ್ನು ಫೋನ್‌ನಲ್ಲೇ ಕೇಳಿಕೊಳ್ಳಬೇಕು. ಲಕ್ಷಣವೇನೂ ಇಲ್ಲದಿದ್ದರೂ ವರದಿಯಲ್ಲಿ ಎಸ್‌ಜಿಪಿಟಿ (ಎಎಲ್‌ಟಿ) ಎಂಬ ಅಂಕಿ ಲ್ಯಾಬ್ ಕೊಟ್ಟ ಗರಿಷ್ಠ ಮಿತಿಯ ಮೂರು ಪಟ್ಟು ದಾಟಿ, ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಕೂಡ ಎರಡು ಪಟ್ಟು ದಾಟಿದ್ದರೆ ಅದೂ ಇದೇ ಸಾಲಿಗೆ ಸೇರುತ್ತದೆ.

ಹಂತ 2: ಯಾವ ಅಂಕಿ ಏರಿದೆ ಎಂದು ಗುರುತಿಸಿ

‘ಲಿವರ್ ಹೆಚ್ಚಾಗಿದೆ’ ಎಂದು ವೈದ್ಯರಿಗೆ ಫೋನ್ ಮಾಡುವವರು ಬಹಳ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಎಸ್‌ಜಿಪಿಟಿ ಮುಖ್ಯವಾಗಿ ಯಕೃತ್ತಿನ ಜೀವಕೋಶಗಳಿಂದ ಸೋರುವ ಕಿಣ್ವ. ಎಸ್‌ಜಿಒಟಿ (ಎಎಸ್‌ಟಿ) ಎಂಬ ಇನ್ನೊಂದು ಕಿಣ್ವ ಸ್ನಾಯುಗಳಲ್ಲೂ ಇದೆ. ಹೊಸದಾಗಿ ಜಿಮ್‌ಗೆ ಸೇರಿ ಭಾರ ಎತ್ತಿದವರಲ್ಲೂ ಏರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದಿದ್ದರೆ ಅದರಿಂದಲೂ ಹೆಚ್ಚು ತೋರಿಸುತ್ತದೆ. ವರದಿಯ ಕೆಳಗೆ ಸಣ್ಣಕ್ಷರದಲ್ಲಿ ‘ಹೀಮೋಲೈಸ್ಡ್’ ಎಂದಿದೆಯೇ ನೋಡಿ. ಇದ್ದರೆ ಆ ಅಂಕಿಯನ್ನು ನೆಚ್ಚಿಕೊಳ್ಳಬೇಡಿ.

ಜನರನ್ನು ಹೆಚ್ಚು ಹೆದರಿಸುವುದು ಆಲ್ಕಲೈನ್ ಫಾಸ್ಫಟೇಸ್ (ಎಎಲ್‌ಪಿ) ಎಂಬ ಕಿಣ್ವ. ಇದು ಪಿತ್ತನಾಳದಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ವಿಟಮಿನ್ ಡಿ ತೀರಾ ಕಡಿಮೆಯಾಗಿದ್ದರೆ ಏರಬಹುದು, ಮುರಿದ ಮೂಳೆ ಕೂಡುತ್ತಿರುವಾಗ ಏರಬಹುದು. ಕೀಮೋ ನಡುವೆ ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಚುಚ್ಚುಮದ್ದಿನ ನಂತರವೂ ಕೆಲಕಾಲ ಏರುತ್ತದೆ. ಮೂಳೆಗೆ ಕ್ಯಾನ್ಸರ್ ಹರಡಿದಾಗಲೂ ಏರುವುದರಿಂದ ಕಡೆಗಣಿಸುವಂತಿಲ್ಲ. ಜಿಜಿಟಿ ಎಂಬ ಅಗ್ಗದ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಅದೂ ಏರಿದ್ದರೆ ಮೂಲ ಯಕೃತ್ತಿನ ಕಡೆಗಿದೆ. ಅದು ಸರಿಯಿದ್ದರೆ ಮೂಳೆಯ ಕಡೆ ನೋಡಬೇಕು.

ಬಿಲಿರುಬಿನ್ ಒಂದೇ, ಅದರಲ್ಲೂ ‘ಇನ್‌ಡೈರೆಕ್ಟ್’ ಭಾಗ ಮಾತ್ರ ತುಸು ಏರಿದ್ದರೆ ಅದು ಹುಟ್ಟಿನಿಂದ ಬಂದ ಗಿಲ್ಬರ್ಟ್ ಎಂಬ ನಿರಪಾಯದ ಗುಣವಿರಬಹುದು. ಉಪವಾಸ ಮಾಡಿದ ಮರುದಿನ ಇದು ಹೆಚ್ಚಾಗಿ ಕಾಣುತ್ತದೆ. ಯಕೃತ್ತು ತನ್ನ ಕೆಲಸವನ್ನು ಎಷ್ಟು ಮಾಡುತ್ತಿದೆ ಎಂದು ಹೇಳುವವು ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆ. ಅವೆರಡೂ ಸರಿಯಿದ್ದರೆ ಸ್ವಲ್ಪ ಸಮಾಧಾನ ತಂದುಕೊಳ್ಳಬಹುದು.

ಬರಿಯ ಅಂಕಿ ನೋಡಬೇಡಿ, ಮಿತಿಯ ಎಷ್ಟು ಪಟ್ಟು ಎಂದು ನೋಡಿ. ಮಿತಿ 40 ಇರುವ ಲ್ಯಾಬ್‌ನಲ್ಲಿ 62 ಎಂದರೆ ಸುಮಾರು ಒಂದೂವರೆ ಪಟ್ಟು. ಮೂರು ಪಟ್ಟಿನೊಳಗಿನ ಏರಿಕೆಯನ್ನು ಕ್ಯಾನ್ಸರ್ ವೈದ್ಯರು ಮೊದಲ ದರ್ಜೆ ಎಂದೇ ಲೆಕ್ಕ ಹಾಕುತ್ತಾರೆ.

ಹಂತ 3: ಹಳೆಯ ವರದಿಗಳನ್ನು ಹೊರತೆಗೆಯಿರಿ

ಕೀಮೋಗೂ ಮೊದಲಿನ ವರದಿ ಸಿಕ್ಕರೆ ಅದೇ ಚಿನ್ನ. ತಾರೀಖಿನ ಪ್ರಕಾರ ಒಂದೇ ಹಾಳೆಯಲ್ಲಿ ಅಂಕಿಗಳನ್ನು ಕೈಯಲ್ಲಿ ಬರೆಯಿರಿ. ಮೊಬೈಲ್‌ನಲ್ಲಿ ಹತ್ತು ಪಿಡಿಎಫ್ ತೆರೆದು ತೋರಿಸಿದರೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಯಾರೂ ನೋಡುವುದಿಲ್ಲ.

ಹಂತ 4: ಬಾಯಿಗೆ ಹೋಗುವ ಎಲ್ಲದರ ಪಟ್ಟಿ

ಎಲ್ಲರೂ ಎಡವುವುದು ಇಲ್ಲಿಯೇ. ‘ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ?’ ಎಂದು ವೈದ್ಯರು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲ ಎನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ಕಷಾಯವನ್ನು, ಪುಡಿಯನ್ನು, ಅಂಗಡಿಯಿಂದ ತಂದ ತಲೆನೋವಿನ ಮಾತ್ರೆಯನ್ನು ನಮ್ಮ ಮನೆಗಳಲ್ಲಿ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಆದ್ದರಿಂದ ಪಟ್ಟಿ ಮಾಡುವ ಮಗಳೋ ಸೊಸೆಯೋ ಪ್ರಶ್ನೆಯನ್ನೇ ಬದಲಿಸಬೇಕು. ‘ಅಮ್ಮಾ, ಬೆಳಿಗ್ಗೆ ಎದ್ದ ಮೇಲೆ ಮೊದಲು ಬಾಯಿಗೆ ಏನು ಹಾಕಿಕೊಳ್ಳುತ್ತೀರಿ? ಆಮೇಲೆ?’ ಎಂದು ರಾತ್ರಿ ಮಲಗುವವರೆಗೂ ಕೇಳುತ್ತಾ ಹೋಗಿ. ಅಡುಗೆಮನೆಯ ಕಪಾಟು, ದಿಂಬಿನ ಪಕ್ಕದ ಡಬ್ಬಿ, ಕೈಚೀಲ ಮೂರನ್ನೂ ಕಣ್ಣಾರೆ ನೋಡಿ.

ಪಟ್ಟಿಯ ಮೇಲ್ಭಾಗದಲ್ಲಿ ಕ್ಯಾನ್ಸರ್ ಔಷಧಗಳು. ಕೀಮೋದಲ್ಲಿ ಯಾವುವು ಕೊಟ್ಟರು, ಕೊನೆಯ ಸುತ್ತು ಯಾವಾಗ, ಹಾರ್ಮೋನ್ ತಡೆಯುವ ಮಾತ್ರೆಗಳಲ್ಲಿ ಈಗ ಟ್ಯಾಮೋಕ್ಸಿಫೆನ್ ನಡೆದಿದೆಯೋ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ಗಳೋ ಬರೆಯಿರಿ. ಕೆಪೆಸಿಟಬಿನ್, ಲ್ಯಾಪಟಿನಿಬ್, ರೈಬೊಸಿಕ್ಲಿಬ್, ಟಿ-ಡಿಎಂ1 ಚುಚ್ಚುಮದ್ದು ಇವುಗಳಲ್ಲಿ ಯಾವುದಾದರೂ ಇದ್ದರೆ ಅಡಿಗೆರೆ ಎಳೆಯಿರಿ. ಇವು ಲಿವರ್ ಅಂಕಿಗಳನ್ನು ಏರಿಸುವುದು ವೈದ್ಯರಿಗೆ ಗೊತ್ತಿರುವ ಸಂಗತಿ, ಡೋಸ್ ಇಳಿಸಲೋ ಕೆಲದಿನ ತಡೆಯಲೋ ಅವರ ಬಳಿ ನಿಯಮಗಳಿವೆ.

ಅದರ ಕೆಳಗೆ ಉಳಿದ ಮಾತ್ರೆಗಳು: ಕೊಲೆಸ್ಟರಾಲ್‌ನದು, ಕ್ಷಯದ್ದು, ಫಂಗಸ್ ಸೋಂಕಿನದು, ಫಿಟ್ಸ್‌ನದು. ಪ್ಯಾರಸಿಟಮಾಲ್ ಬಗ್ಗೆ ಮಾತ್ರ ವಿಶೇಷ ಗಮನ ಬೇಕು. ಸರಿಯಾದ ಪ್ರಮಾಣದಲ್ಲಿ ಅದು ಒಳ್ಳೆಯ ಮಾತ್ರೆಯೇ. ಆದರೆ ಜ್ವರಕ್ಕೆ 650ರ ಮಾತ್ರೆ, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ಎಂದು ನುಂಗುವಾಗ ಮೂರರಲ್ಲೂ ಇರುವುದು ಅದೇ ಎಂದು ಯಾರೂ ಓದಿರುವುದಿಲ್ಲ. ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ನಿಮ್ಮ ಮಿತಿಯನ್ನು ಬರೆಸಿಕೊಂಡು ಬನ್ನಿ.

ಆಮೇಲೆ ‘ಔಷಧವಲ್ಲದ’ ಔಷಧಗಳು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಅಂಕಿ ಏರಿರುವಾಗ ಅದನ್ನು ಕುಡಿಯುತ್ತಾ ಕೂರುವುದು ಬೇಡ ಎಂಬುದು ನನ್ನ ಖಚಿತ ಮಾತು. ಅಶ್ವಗಂಧ, ತೂಕ ಇಳಿಸಲು ಮಾರುವ ಗ್ರೀನ್ ಟೀ ಸಾರದ ಕ್ಯಾಪ್ಸೂಲ್, ಅರಿಶಿನದ ಕ್ಯಾಪ್ಸೂಲ್‌ಗಳಿಂದಲೂ ಯಕೃತ್ತಿಗೆ ಹಾನಿಯಾದದ್ದು ದಾಖಲಾಗಿದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರೂ ಅಂಜಬೇಕಿಲ್ಲ. ಹೀರಿಕೆ ಹೆಚ್ಚಲೆಂದು ಕಾಳುಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲ್‌ನ ಕಥೆಯೇ ಬೇರೆ. ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ನಾಟಿ ಪುಡಿಯಿದ್ದರೆ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ.

ಪ್ರತಿಯೊಂದರ ಎದುರು ಶುರು ಮಾಡಿದ ತಾರೀಖು ಇರಲಿ. ನೆನಪಿಲ್ಲದಿದ್ದರೆ ‘ಯುಗಾದಿಯ ಆಸುಪಾಸು’ ಎಂದಾದರೂ ಬರೆಯಿರಿ. ಕಾರಣ ಬಯಲಾಗುವುದು ಹೆಸರಿಗಿಂತ ಹೆಚ್ಚಾಗಿ ಈ ತಾರೀಖಿನಿಂದ. ವೈದ್ಯರು ಬರೆಯದೆ ನೀವಾಗಿ ಶುರು ಮಾಡಿದ್ದನ್ನು ಇಂದೇ ನಿಲ್ಲಿಸಿ, ನಿಲ್ಲಿಸಿದ ದಿನವನ್ನೂ ಬರೆದಿಡಿ. ವೈದ್ಯರು ಬರೆದುಕೊಟ್ಟದ್ದನ್ನು ಅವರನ್ನು ಕೇಳದೆ ಮುಟ್ಟಬೇಡಿ. ಮದ್ಯದ ಅಭ್ಯಾಸವಿದ್ದರೆ ಅದನ್ನು ಹೇಳುವಾಗ ನೆಂಟರನ್ನು ಕೋಣೆಯಿಂದ ಹೊರಗೆ ಕಳುಹಿಸಿ.

ಮೆಡಿಕಲ್ ಶಾಪ್‌ನವರು ಕೈಗಿಡುವ ‘ಲಿವರ್ ಟಾನಿಕ್’ ಬಗ್ಗೆಯೂ ಒಂದು ಮಾತು. ದುಡ್ಡು ದಂಡ. ಅದನ್ನು ಕುಡಿದ ಮೇಲೆ ಅಂಕಿ ಇಳಿದರೆ ಟಾನಿಕ್‌ನಿಂದ ಇಳಿಯಿತೋ ತಾನಾಗಿ ಇಳಿಯಿತೋ ತಿಳಿಯುವುದಿಲ್ಲ, ಏರಿದರೆ ಅನುಮಾನಿಸಲು ಇನ್ನೊಂದು ಹೆಸರು ಸೇರಿಕೊಳ್ಳುತ್ತದೆ.

ಹಂತ 5: ವೈದ್ಯರನ್ನು ಕೇಳಲೇಬೇಕಾದ ಒಂದು ಪ್ರಶ್ನೆ

‘ನನಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ?’ ಯಾವಾಗಲೋ ಬಂದು ಮೈಯಲ್ಲಿ ಸದ್ದಿಲ್ಲದೆ ಅಡಗಿದ್ದ ಈ ಯಕೃತ್ತಿನ ವೈರಸ್ ಕೀಮೋ ಮತ್ತು ಸ್ಟಿರಾಯ್ಡ್‌ಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಕೆರಳುತ್ತದೆ, ಕೆಲವೊಮ್ಮೆ ಕೀಮೋ ಮುಗಿದು ತಿಂಗಳುಗಳಾದ ಮೇಲೆ. ಈಗಿನ ಸೋಂಕನ್ನು ತೋರಿಸುವ ಎಚ್‌ಬಿಎಸ್‌ಎಜಿ ಜೊತೆಗೆ ಹಿಂದೆ ಬಂದು ಹೋದ ಸೋಂಕಿನ ಗುರುತನ್ನೂ ತೋರಿಸುವ ಆಂಟಿ-ಎಚ್‌ಬಿಸಿ ಪರೀಕ್ಷೆಯೂ ಆಗಿರಬೇಕು. ಬೇಗ ಗುರುತಿಸಿದರೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯಿಂದ ಹತೋಟಿಗೆ ತರಬಹುದು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆ, ಪಿತ್ತಕೋಶದ ಕಲ್ಲು ಕೂಡ ನಮ್ಮಲ್ಲಿ ಸಾಮಾನ್ಯ. ಕ್ಯಾನ್ಸರ್ ಬಂದವರಿಗೆ ಬೇರೆ ಕಾಯಿಲೆ ಬರುವುದಿಲ್ಲ ಎಂದೇನಿಲ್ಲವಲ್ಲ.

ಹಂತ 6: ಮರುಪರೀಕ್ಷೆ

ಏರಿಕೆ ಸಣ್ಣದಾಗಿದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡುವುದೇ ವಾಡಿಕೆ. ಅದೇ ಲ್ಯಾಬ್‌ಗೆ ಹೋಗಿ, ಹಿಂದಿನ ಒಂದು ವಾರ ಭಾರೀ ವ್ಯಾಯಾಮ ಬೇಡ. ನನ್ನ ಮಟ್ಟಿಗೆ ರಕ್ತ ಕೊಡಲು ಸೋಮವಾರ ಅಥವಾ ಮಂಗಳವಾರವೇ ಸರಿ. ಶುಕ್ರವಾರ ಕೊಟ್ಟರೆ ವರದಿ ಶನಿವಾರ ರಾತ್ರಿ ಮೊಬೈಲ್‌ಗೆ ಬರುತ್ತದೆ, ವೈದ್ಯರು ಸಿಗುವುದು ಸೋಮವಾರ. ನಡುವಿನ ಭಾನುವಾರ ಗೂಗಲ್ ಪಾಲು.

ಹಂತ 7: ಸ್ಕ್ಯಾನಿಂಗ್

ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್, ಆರೆಂಟು ಗಂಟೆ ಏನೂ ತಿನ್ನದೆ. ‘ಫ್ಯಾಟಿ ಲಿವರ್’ ಎಂದು ಬರುವುದೇ ಹೆಚ್ಚು. ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಗೊತ್ತಿರುವ ಅಡ್ಡಪರಿಣಾಮ. ‘ಸಿಸ್ಟ್’ (ನೀರುಗುಳ್ಳೆ), ‘ಹೆಮಾಂಜಿಯೋಮಾ’ (ರಕ್ತನಾಳಗಳ ಗಂಟು) ಎಂಬ ಪದಗಳಿದ್ದರೆ ಅವೂ ಸಾಮಾನ್ಯವಾಗಿ ನಿರಪಾಯದವು. ಸಂಶಯದ ಗಂಟು ಕಂಡರೆ ಟ್ರೈಫೇಸಿಕ್ ಸಿಟಿ (ಬಣ್ಣದ ಚುಚ್ಚುಮದ್ದು ಕೊಟ್ಟು ಮೂರು ಹಂತಗಳಲ್ಲಿ ತೆಗೆಯುವ ಸ್ಕ್ಯಾನ್) ಅಥವಾ ಎಂಆರ್‌ಐ, ಬೇಕಾದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ). ಸ್ತನ ಕ್ಯಾನ್ಸರ್ ಹರಡುವ ಜಾಗಗಳಲ್ಲಿ ಯಕೃತ್ತೂ ಒಂದಾದ್ದರಿಂದ ವೈದ್ಯರು ಹೇಳಿದ ಸ್ಕ್ಯಾನ್ ತಪ್ಪಿಸಬೇಡಿ. ಹೇಳದಿದ್ದರೆ ಮೈಯೆಲ್ಲ ಕ್ಯಾನ್ಸರ್ ಹುಡುಕುವ ಪೆಟ್-ಸಿಟಿ ಸ್ಕ್ಯಾನ್‌ಗೆ ನೀವಾಗಿ ದುಂಬಾಲು ಬೀಳಬೇಡಿ. ಸ್ತನ ಕ್ಯಾನ್ಸರ್‌ನ ಸುಳಿವು ನೋಡುವ ಸಿಎ 15-3 ಎಂಬ ರಕ್ತಪರೀಕ್ಷೆಯನ್ನು ಸ್ವಂತ ಬುದ್ಧಿಯಿಂದ ಮಾಡಿಸುವವರಿದ್ದಾರೆ. ಕ್ಯಾನ್ಸರ್ ಅಲ್ಲದ ಯಕೃತ್ತಿನ ಕಾಯಿಲೆಯಲ್ಲೂ ಅದು ಏರಬಹುದು, ಮನೆಯವರ ನಿದ್ದೆ ಕೆಡುತ್ತದೆ ಅಷ್ಟೆ.

ಹಂತ 8: ಕೊಬ್ಬೇ ಕಾರಣವಾಗಿದ್ದರೆ

ತೂಕ ಹೆಚ್ಚಿರುವವರು ಶೇ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು ಚೆನ್ನಾಗಿ ಕರಗುತ್ತದೆ. ನಿಧಾನವಾಗಿ ಇಳಿಸಿ. ಅನ್ನ, ಮುದ್ದೆಯ ಗಾತ್ರ ತಗ್ಗಲಿ, ಕಾಳು ಸೊಪ್ಪು ಹೆಚ್ಚಲಿ, ಜ್ಯೂಸ್ ಮತ್ತು ಬೇಕರಿ ತಿಂಡಿ ಹೋಗಲಿ. ಟ್ಯಾಮೋಕ್ಸಿಫೆನ್ ಅನ್ನು ವೈದ್ಯರು ಬಹುಪಾಲು ಮುಂದುವರಿಸುತ್ತಾರೆ. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್‌ನಲ್ಲಿ ಐದು ವರ್ಷ ಅದನ್ನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಯಕೃತ್ತಿನ ಸಣ್ಣ ಏರುಪೇರಿಗಾಗಿ ಅದನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಬದಲಿಸಲೇಬೇಕಾದರೆ ಮುಟ್ಟು ನಿಂತವರಿಗೆ ಲೆಟ್ರೊಜೋಲ್‌ನಂಥ ಮಾತ್ರೆ ಬರೆಯುತ್ತಾರೆ. ಮುಟ್ಟು ನಿಲ್ಲದವರಿಗೆ ಅದೊಂದೇ ಸಾಲದು, ಅಂಡಾಶಯದ ಕೆಲಸವನ್ನು ತಡೆಯುವ ಚುಚ್ಚುಮದ್ದೂ ಬೇಕು. ಹೊಸ ಮಾತ್ರೆ ಮೂಳೆಯನ್ನು ಸವೆಸುವುದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಯಾವಾಗ ಎಂದು ಅಂದೇ ಕೇಳಿ. ಮನೆಯಲ್ಲಿ ಉಳಿದಿರುವ ಹಳೆಯ ಟ್ಯಾಮೋಕ್ಸಿಫೆನ್ ಸ್ಟ್ರಿಪ್‌ಗಳನ್ನು ಅದೇ ದಿನ ಹೊರಗೆ ಹಾಕಿ. ಹಳೆಯದನ್ನು ಖಾಲಿ ಮಾಡಲೆಂದು ಎರಡನ್ನೂ ಒಟ್ಟಿಗೆ ನುಂಗುತ್ತಿದ್ದವರನ್ನೂ ನೋಡಿದ್ದೇನೆ.