ಎಲ್ಲಕ್ಕೂ ‘ದೆವ್ವ’ ಎಂದು ಬರೆಯದೆ ಗೆದ್ದದ್ದು: ನನ್ನ ಅನುಭವ

ಇಂಗ್ಲಿಷಿನ ದೆವ್ವದ ಕತೆಗಳಿಗೆ ಕೈಹಾಕಿದವರಿಗೆಲ್ಲ ಈ ಪೀಕಲಾಟ ಗೊತ್ತು. ಘೋಸ್ಟ್, ಸ್ಪಿರಿಟ್, ಸ್ಪೆಕ್ಟರ್, ಫ್ಯಾಂಟಮ್ ಒಂದೇ ಪುಟದಲ್ಲಿ ಬಂದು ಕೂರುತ್ತವೆ. “ಎಲ್ಲಕ್ಕೂ ದೆವ್ವ ಎಂದು ಬರೆದು ಕೈತೊಳೆದುಕೊಳ್ಳಿ ಮಾರಾಯರೇ” ಎಂದು ಹಿರಿಯ ಅನುವಾದಕರೊಬ್ಬರು ನಕ್ಕಿದ್ದರು. ಯಾವುದಕ್ಕೆ ಯಾವ ಕನ್ನಡ ಪದ ಎಂದು ನಾನು ಮಾಡಿಕೊಂಡ ಪಟ್ಟಿಯ ಪ್ರತಿಯನ್ನು ಈಗ ಕೇಳುತ್ತಿರುವವರು ಅವರೇ.

ಮೊದಲು ಮೂರು ಸಾವಿರದಷ್ಟು ಸುರಿದು ನಿಘಂಟುಗಳನ್ನು ತಂದೆ. ಒಂದರಲ್ಲಿ ಭೂತವೆಂದರೆ ಪ್ರೇತ, ಇನ್ನೊಂದರಲ್ಲಿ ಪ್ರೇತವೆಂದರೆ ಪಿಶಾಚಿ. ಪದಕ್ಕೆ 50–60 ಪೈಸೆ ಸಿಗುವ ಕೆಲಸದಲ್ಲಿ ಆ ದುಡ್ಡು ಹುಟ್ಟಲೇ ಇಲ್ಲ. ತುಳುನಾಡಿನಲ್ಲಿ ಭೂತಕ್ಕೆ ಕೋಲ ಕೊಟ್ಟು ಕೈಮುಗಿಯುತ್ತಾರೆ. ಅದನ್ನು ತಂದು ಲಂಡನ್ನಿನ ಮನೆಯಲ್ಲಿ ಅಲೆಸಲು ಮನಸ್ಸು ಬರಲಿಲ್ಲ.

ಕೊನೆಗೆ ಹೆಸರು ಬಿಟ್ಟು ಗುಣ ವಿಚಾರಿಸತೊಡಗಿದೆ. ಸತ್ತವರದೋ, ಅಲ್ಲವೋ? ಕಾಣುತ್ತದೋ, ಬರೀ ಕೇಳುತ್ತದೋ? ಘೋಸ್ಟ್‌ಗೆ ಸಾಮಾನ್ಯವಾಗಿ ಸತ್ತವರ ಗುರುತಿರುತ್ತದೆ. ಸ್ಪಿರಿಟ್‌ಗೆ ಯಾರೂ ಸತ್ತಿರಬೇಕಾಗಿಲ್ಲ. ಪೋಲ್ಟರ್‌ಗೈಸ್ಟ್ ಜರ್ಮನರದು, ಮುಖವಿಲ್ಲದ ದಾಂಧಲೆ. ಅರಬ್ಬರಿಂದ ಬಂದ ಗೂಲ್ ಹೆಣ ತಿನ್ನುತ್ತದೆ. ಸ್ಕಾಟ್ಲೆಂಡಿನ ರೇಯ್ತ್ ಮಾತ್ರ ನನ್ನನ್ನು ಬಹಳ ಸತಾಯಿಸಿತು. ಅದು ಸಾವು ಹತ್ತಿರವಾದವನ ತದ್ರೂಪ. ಆತ ಮಂಚದ ಮೇಲೆ ಉಸಿರಾಡುತ್ತಿರುವಾಗಲೇ ಅಂಗಳದಲ್ಲಿ ಅವನಂತೆಯೇ ಒಬ್ಬ ನಿಂತಿರುತ್ತಾನೆ. ಅಲ್ಲಿ ‘ಪ್ರೇತ’ ಎಂದು ಬರೆದರೆ ಬದುಕಿರುವವನನ್ನು ನಾವೇ ಕೊಂದಂತೆ. ‘ಛಾಯೆ’ ಎಂದು ಇಟ್ಟೆ, ಕೂತಿತು.

1843ರಲ್ಲಿ ಬಂದ ಡಿಕನ್ಸನ ಕ್ರಿಸ್‌ಮಸ್ ಕತೆ ‘ಎ ಕ್ರಿಸ್‌ಮಸ್ ಕ್ಯಾರಲ್’ ಈ ಪಟ್ಟಿಗೂ ನೀರು ಕುಡಿಸಿತು. ಸೊಂಟದ ಸರಪಳಿಗೆ ಹಣದ ಪೆಟ್ಟಿಗೆ, ಬೀಗ, ಲೆಕ್ಕದ ಪುಸ್ತಕ ಬಿಗಿದುಕೊಂಡು ಬರುವ ಮಾರ್ಲಿ ಕಥಾನಾಯಕ ಸ್ಕ್ರೂಜನ ಸತ್ತ ಪಾಲುದಾರ, ಸಂಶಯವಿಲ್ಲದೆ ಪ್ರೇತ. ಆಮೇಲೆ ಬರುವ ಮೂವರು ಸತ್ತವರಲ್ಲ. ಆದರೂ ಡಿಕನ್ಸ್ ಅವರನ್ನು ಘೋಸ್ಟ್ ಎಂದೂ ಸ್ಪಿರಿಟ್ ಎಂದೂ ಕರೆಯುತ್ತಾನೆ; ಮಾತೇ ಆಡದ ಮೂರನೆಯದು ಅವನಿಗೆ ಫ್ಯಾಂಟಮ್ ಕೂಡ ಹೌದು. ಮೊದಲಿಬ್ಬರಿಗೆ ‘ಚೇತನ’ ಕೊಟ್ಟೆ. ಮೂರನೆಯದಕ್ಕೆ ಕೊಟ್ಟ ಪದವನ್ನು ಪುಸ್ತಕ ಅಚ್ಚಾಗುವವರೆಗೆ ಹೇಳುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಕರೆಂಟು ಹೋದ ಸಂಜೆಗಳಲ್ಲಿ ನೆರೆಮನೆಯ ಮಕ್ಕಳಿಗೆ ಕರಡನ್ನು ಓದಿದೆ. ‘ಪಿಶಾಚಿ’ ಬಂದಾಗಲೆಲ್ಲ ನಗು, ಅದು ಅವರ ಮನೆಯಲ್ಲಿ ದಿನವೂ ಕೇಳುವ ಬೈಗುಳ. ಹೆಸರು ತೆಗೆದು ‘ಅದು’ ಎಂದಷ್ಟೇ ಓದಿದಾಗ ಚಾಪೆಯ ಅಂಚಿನಲ್ಲಿದ್ದವರೂ ನಡುವಿಗೆ ಸರಿದರು.

ಸಂಪಾದಕರು ಈ ಸಲ ಒಂದು ದೆವ್ವವನ್ನೂ ತಿದ್ದಲಿಲ್ಲ, ಪದಕ್ಕೆ ಹತ್ತು ಪೈಸೆ ಏರಿಸಿದರು. ಸ್ಪೆಕ್ಟರ್ ಒಂದು ಮಾತ್ರ ಇನ್ನೂ ಪಟ್ಟಿಯ ಎರಡು ಖಾನೆಗಳ ನಡುವೆ ಓಡಾಡಿಕೊಂಡಿದೆ.